ಕಡಲಪಾಚಿಯ ಹೊಗೆ

ಫ್ರಾನ್ಸಿನ ಬ್ರಿಟನಿ ಸೀಮೆಯ ಕಡಲದಂಡೆಯಲ್ಲಿ ಸೋಯಾಜಿಗ್ ಬೇಸಿಗೆಯಿಡೀ ಒಣಗಿಸಿದ ಕಡಲಪಾಚಿಯನ್ನು ಕಲ್ಲಿನ ಕುಣಿಗೆ ತುಂಬುತ್ತಿದ್ದಳು. ಅದನ್ನು ಸುಟ್ಟ ಬೂದಿ ಅಯೋಡಿನ್ ಕಾರ್ಖಾನೆಗೆ ಹೋದರೇ ಅವಳಿಗೆ ಚಳಿಗಾಲದ ರೊಟ್ಟಿ. ಪಡುವಣದಲ್ಲಿ ಮೋಡ ಕಟ್ಟಿತ್ತು. ಒಂದು ಮಳೆ ಬಿದ್ದರೆ ಪಾಚಿಯೊಳಗಿನ ಅಯೋಡಿನ್ ತೊಳೆದುಹೋಗುತ್ತಿತ್ತು.

ಊರಿನ ಕಾವಲುಗಾರ ಜೋಬ್ ಬಕೆಟ್ ತುಂಬ ನೀರು ಹೊತ್ತು ಬಂದ.

"ಬೆಂಕಿ ಹಚ್ಚಬೇಡ ಕಣೆ. ಹೋಟೆಲಿಗೆ ಬಂದಿರೋ ಪ್ಯಾರಿಸ್ ಜನಕ್ಕೆ ಹೊಗೆ ಆಗಲ್ವಂತೆ. ಮೇಯರ್ ಅಪ್ಪಣೆ."

"ಆಗದಿದ್ರೆ ಕಿಟಕಿ ಮುಚ್ಕೊಳ್ಳಲಿ. ಇವತ್ತು ಸುಡದಿದ್ರೆ ನನಗೇನೂ ಉಳಿಯಲ್ಲ."

"ಹಚ್ಚಿದ್ರೆ ನಾನು ಆರಿಸ್ಲೇಬೇಕು."

ಅವಳು ಅವನ ಹೆಬ್ಬೆರಳಿನ ಕಂದು ಕಲೆ ನೋಡಿದಳು. "ಅದೇನಾಯ್ತು?"

"ಗಾಳ ಚುಚ್ಚಿತ್ತು. ಅಯೋಡಿನ್ ಹಚ್ಚಿದೆ, ಕೀವಾಗ್ಲಿಲ್ಲ."

"ಆ ಅಯೋಡಿನ್ ಇಂಥ ಬೂದಿಯಿಂದ್ಲೇ ಬಂದಿದ್ದು. ಈಗ ಸುರಿ ನೀರು, ನೋಡೋಣ," ಎಂದು ಅವಳು ಕಡ್ಡಿ ಗೀರಿದಳು.

ದಟ್ಟ ಹೊಗೆ ಎದ್ದು ಹೋಟೆಲಿನ ಕಡೆಗೇ ಹೊರಟಿತು. ಜೋಬ್ ನೀರನ್ನು ಮರಳಿಗೆ ಚೆಲ್ಲಿ, ಬಕೆಟ್ ಬೋರಲು ಹಾಕಿ, ಹೊಗೆ ತಾಗದ ಕಡೆ ಅದರ ಮೇಲೆ ಕೂತ.

"ಮೇಯರ್ ಕೇಳಿದ್ರೆ, ಹೊಗೇಲಿ ಯಾರು ಅಂತ ಕಾಣಿಸ್ಲಿಲ್ಲ ಅಂತೀನಿ," ಎಂದ.

"ಬೇಡ. ಸೋಯಾಜಿಗ್ ಅನ್ನು. ಬರೋ ವರ್ಷಾನೂ ಹಚ್ತಾಳಂತೆ ಅನ್ನು."