ಎರಡು ಸಾವಿರದನೆಯ ಪುಸ್ತಕ

೧

ಈ ಕಥೆಯನ್ನು ಹೇಗೆ ಶುರು ಮಾಡಬೇಕೆಂದು ಗೊತ್ತಾಗದೆ ಮೂರು ದಿನದಿಂದ ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದೇನೆ. ಮೊದಲ ಕರಡು ಡ್ಯಾನ್ಯೂಬ್ ನದಿಯ ಮಂಜಿನಿಂದ ಶುರುವಾಗಿತ್ತು. ನಮ್ಮೂರಲ್ಲಿ ಯಾರೇ ಬರೆಯಲು ಕೂತರೂ ಮೊದಲು ಆ ಮಂಜು ಬಂದು ಕೂರುತ್ತದೆ. ಹರಿದು ಹಾಕಿದೆ. ಎರಡನೆಯದು ಊರ ಪುಸ್ತಕಾಲಯವಾದ ಓದುಮನೆಯ ಬಾಗಿಲಿಗೆ ಅಂಟಿಸಿದ ಸಾವಿನ ಚೀಟಿಗಳಿಂದ ಶುರುವಾಗಿತ್ತು. ಫೋಟೋ, ಹೆಸರು, ಸತ್ತು ನಲವತ್ತು ದಿನ, ಆರು ತಿಂಗಳು, ಒಂದು ವರ್ಷ. ಅದನ್ನು ಓದಿದರೆ ಕಥೆಯಲ್ಲಿ ಯಾರೋ ಸಾಯುತ್ತಾರೆಂದು ನೀವು ಕಾಯುತ್ತಾ ಕೂರುತ್ತೀರಿ. ಯಾರೂ ಸಾಯುವುದಿಲ್ಲ. ಸತ್ತಿದ್ದರೆ ಬರೆಯುವುದು ಸುಲಭವಿತ್ತು.

(ಓದುಗರೇ, ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಎರಡು ಕಾದಂಬರಿ ಬರೆದವಳು. ಎರಡನ್ನೂ ನೀವು ಓದಿಲ್ಲ. ಸಂಕೋಚ ಬೇಡ, ಯಾರೂ ಓದಿಲ್ಲ.)

ಮೂರನೆಯ ಕರಡು 'ನಾನು ಒಂದು ತಪ್ಪು ಮಾಡಿದೆ' ಎಂದು ಶುರುವಾಗುತ್ತದೆ. ಸಪ್ಪೆ ವಾಕ್ಯ. ಆದರೆ ಇರಲಿ, ನಿಜವಾದ ವಾಕ್ಯ ಇದೊಂದೇ.

೨

ಮೆತೋದಿ ನನ್ನ ಗಂಡ. ಮೂವತ್ತೊಂದು ವರ್ಷ ಈ ಊರಿನ ಸ್ಟೇಷನ್ ಮಾಸ್ತರನಾಗಿದ್ದ. ದಿನಕ್ಕೆ ಆರು ರೈಲು ಬರುವ ಸ್ಟೇಷನ್ನಿನಲ್ಲಿ ಓದುವುದಕ್ಕೆ ಬೇಕಾದಷ್ಟು ಪುರುಸೊತ್ತು. ಹದಿನೇಳನೆಯ ವಯಸ್ಸಿನಿಂದ ಓದಿದ ಪ್ರತಿ ಪುಸ್ತಕವನ್ನೂ ಗೀಟು ಹಾಕಿದ ರಿಜಿಸ್ಟರಿನಲ್ಲಿ ಬರೆದಿಟ್ಟಿದ್ದಾನೆ: ಕ್ರಮಸಂಖ್ಯೆ, ಹೆಸರು, ಮುಗಿಸಿದ ತಾರೀಖು, ಅಭಿಪ್ರಾಯ. ಅಭಿಪ್ರಾಯದ ಖಾನೆ ಮೂರು ಬೆರಳಗಲ. ಅದರಲ್ಲಿ ಹಿಡಿಸದಷ್ಟು ಅಭಿಪ್ರಾಯ ಯಾರಿಗೂ ಇರಬಾರದು ಎನ್ನುವುದು ಅವನ ವಾದ.

'೩೧೨. ಒಳ್ಳೆಯ ಪುಸ್ತಕ. ಹಿಮ ಜಾಸ್ತಿ ಬಿತ್ತು.' '೮೮೦. ಈ ಲೇಖಕ ಜೀವಮಾನದಲ್ಲಿ ರೈಲು ಹತ್ತಿಲ್ಲ.'

ನನ್ನ ಮೊದಲ ಕಾದಂಬರಿಯೂ ಅಲ್ಲಿದೆ. '೧೧೦೪. ವಾಕ್ಯಗಳು ಚೆನ್ನಾಗಿವೆ. ಕೊನೆಗೆ ಬಂದಾಗ ಲೇಖಕಿ ಹೆದರಿದ್ದಾಳೆ.' ಎರಡನೆಯದು: '೧೫೬೬. ಮೇಲಿನಂತೆಯೇ.'

(ನಗಬಹುದು. ನಾನು ಆವತ್ತು ನಗಲಿಲ್ಲ. ಒಂದು ವಾರ ಅವನಿಗೆ ಉಪ್ಪು ಹಾಕದ ಬೀನ್ಸ್ ಸಾರು ಬಡಿಸಿದೆ.)

ಅವನದೊಂದು ನಿಯಮವಿದೆ. ಒಂದು ಪುಟ ಹಾರಿಸಿದರೂ ಆ ಪುಸ್ತಕ ಓದಿದಂತಲ್ಲ, ರಿಜಿಸ್ಟರಿಗೆ ಹೋಗಬಾರದು. ತಿಂಗಳಿಗೊಮ್ಮೆ ಗುರುವಾರ ಓದುಮನೆಯಲ್ಲಿ ಕೂಟ ಸೇರುತ್ತದೆ. ಹತ್ತು ಹನ್ನೆರಡು ಜನ ತಂತಮ್ಮ ಪಟ್ಟಿ ತಂದು, ಏನು ಓದಿದೆವು, ಹೇಗನ್ನಿಸಿತು ಎಂದು ಹೇಳುತ್ತಾರೆ. ಸೇತುವೆ ಕಟ್ಟಿಸಿ ನಿವೃತ್ತನಾದ ಎಂಜಿನಿಯರ್ ಗೆನ್ಚೆವ್ ಸಂಖ್ಯೆಯಲ್ಲಿ ಮೆತೋದಿಯನ್ನು ಹಿಂದೆ ಹಾಕಿದ್ದಾನೆ. ಆದರೆ ಗೆನ್ಚೆವ್ ಪುಟ ಹಾರಿಸುತ್ತಾನೆಂದು ಊರಿಗೆಲ್ಲ ಗೊತ್ತು. ಮೆತೋದಿ ಹೇಳಿದನೆಂದರೆ ಮುಗಿಯಿತು. ಅವನು 'ಪರವಾಗಿಲ್ಲ' ಎಂದ ಪುಸ್ತಕಕ್ಕೆ ಮಾರನೆಯ ದಿನ ಓದುಮನೆಯಲ್ಲಿ ಸರದಿಯಲ್ಲಿ ನಿಲ್ಲುತ್ತಾರೆ.

ಮೂರು ವರ್ಷದ ಕೆಳಗೆ ಅವನ ನೋಟದ ನಡುಭಾಗ ಹೋಯಿತು. ಬಾಗಿಲ ಅಂಚು ಕಾಣುತ್ತದೆ, ಬಾಗಿಲಲ್ಲಿ ನಿಂತವರು ಕಾಣುವುದಿಲ್ಲ. ಅಂದಿನಿಂದ ದಿನಾ ಊಟವಾದ ಮೇಲೆ ನಾನು ಓದುತ್ತೇನೆ, ಅವನು ಕೇಳುತ್ತಾನೆ. ಅಭಿಪ್ರಾಯ ಅವನು ಹೇಳುತ್ತಾನೆ, ನಾನು ಬರೆಯುತ್ತೇನೆ.

೩ (ಇಲ್ಲಿಂದ ನನ್ನ ಮರ್ಯಾದೆ ಹೋಗಲು ಶುರು)

ಮೊದಲ ಸುಳ್ಳು ೧೯೩೬ರಲ್ಲಿ. ಇಸವಿಯಲ್ಲ, ಪುಸ್ತಕದ ಸಂಖ್ಯೆ. ಗಿರಣಿ ಇಟ್ಟುಕೊಂಡವನೊಬ್ಬನ ಕಥೆ. ನಲವತ್ತನೆಯ ಪುಟಕ್ಕೆ ಬರುವಷ್ಟರಲ್ಲಿ ಗಿರಣಿಯವನ ಕಣ್ಣು ಹೋಗುತ್ತದೆ ಎಂದು ನನಗೆ ಕಾಣಿಸಿತು. ಎದುರಿಗೆ ಮೆತೋದಿ ತಲೆ ವಾಲಿಸಿ ಕೇಳುತ್ತಾ ಕೂತಿದ್ದಾನೆ. ಓದಲು ಬಾಯಿ ಬರಲಿಲ್ಲ. ಕಣ್ಣಿನ ಬದಲು ಕಾಲು ಮುರಿದೆ.

ಆಮೇಲಿನ ಇನ್ನೂರು ಪುಟ ನನ್ನ ಪಾಡು ಕೇಳಬೇಡಿ. ಪುಸ್ತಕದಲ್ಲಿ ಅವನು ಗೋಡೆ ತಡವಿದಾಗೆಲ್ಲ ನಾನು ಕುಂಟಿಸಬೇಕು. ಮಗಳು ಕೈಹಿಡಿದು ನಡೆಸಿದರೆ ಊರುಗೋಲು ಕೊಡಬೇಕು. ಒಂದು ಕಡೆ ಮರೆತು 'ಬೆಳಕು ಬಂದದ್ದು ಅವನಿಗೆ ಗೊತ್ತಾಗಲಿಲ್ಲ' ಎಂದು ಓದಿಬಿಟ್ಟೆ.

"ಯಾಕೆ ಗೊತ್ತಾಗ್ಲಿಲ್ಲ? ಕಾಲಲ್ವಾ ಹೋಗಿದ್ದು?" ಅಂದ ಮೆತೋದಿ.

"ನಿದ್ದೆ ಮಾಡ್ತಿದ್ದ ಕಣೋ."

'೧೯೩೬. ಪರವಾಗಿಲ್ಲ. ಗಿರಣಿಯವನು ಸದಾ ನಿದ್ದೆ ಮಾಡುತ್ತಾನೆ.'

ಕನಿಕರದಿಂದ ಶುರುವಾಯಿತು ಎಂದು ಬರೆದು ನಿಲ್ಲಿಸಿಬಿಡಬಹುದಿತ್ತು. ಆದರೆ ಬರಬರುತ್ತಾ ನನಗೆ ಅದರ ರುಚಿ ಹತ್ತಿತು. ಉದ್ದುದ್ದ ವರ್ಣನೆ ಹಾರಿಸಿದೆ. ಮಂಕು ಮಾತುಕತೆಗೆ ಒಗ್ಗರಣೆ ಕೊಟ್ಟೆ. ಒಬ್ಬಳಿಗೆ ಮದುವೆ ತಪ್ಪಿಸಿದೆ. ಎರಡು ಕಾದಂಬರಿಗೂ ಓದುಗರು ಸಿಗದವಳ ಎದುರಿಗೆ ಒಬ್ಬ ಓದುಗ ದಿನಾ ಎರಡು ತಾಸು ಕದಲದೆ ಕೂರುತ್ತಿದ್ದ. ಏನು ಮಾಡಲಿ ಹೇಳಿ?

೪

ಈ ಚಳಿಗಾಲದಲ್ಲಿ ಓದುಮನೆಗೆ ಒಂದು ಕಾದಂಬರಿಯ ಐದು ಪ್ರತಿ ಉಡುಗೊರೆಯಾಗಿ ಬಂದವು. (ಹೆಸರು ಹೇಳುವುದಿಲ್ಲ. ಲೇಖಕ ಬದುಕಿದ್ದಾನೆ, ಜಗಳಗಂಟ.) ಜಮೀನಿನ ವಿಷಯಕ್ಕೆ ಮುನಿದು ಇಪ್ಪತ್ತು ವರ್ಷ ಮಾತುಬಿಟ್ಟ ಅಣ್ಣತಮ್ಮಂದಿರ ಕಥೆ. ಮೆತೋದಿಯ ರಿಜಿಸ್ಟರಿನಲ್ಲಿ ಅದು ಎರಡು ಸಾವಿರದನೆಯ ಪುಸ್ತಕವಾಗಬೇಕಿತ್ತು.

ಕೊನೆಯ ಹತ್ತು ಪುಟಕ್ಕೆ ಬಂದಾಗ ನಾನೊಮ್ಮೆ ಮುಂದೆ ಕಣ್ಣಾಡಿಸಿದೆ. ತಾಯಿಯ ಹಾಸಿಗೆಯ ಪಕ್ಕ ಅಣ್ಣ ತಮ್ಮ ತಬ್ಬಿಕೊಂಡು ಅಳುತ್ತಾರೆ, ತಾಯಿ ಅಳುತ್ತಾಳೆ, ಪಾದ್ರಿ ಅಳುತ್ತಾನೆ. ನನಗೆ ರೇಗಿಹೋಯಿತು. ಪುಸ್ತಕ ಮುಚ್ಚಿ ತೊಡೆಯ ಮೇಲಿಟ್ಟುಕೊಂಡು, ಓದುವ ದನಿಯಲ್ಲೇ ಹೇಳುತ್ತಾ ಹೋದೆ. ಅಣ್ಣ ತಮ್ಮನ ಮನೆಯ ಗೇಟಿನ ತನಕ ಬರುತ್ತಾನೆ. ಒಳಗೆ ತಮ್ಮ ಯಾರೊಂದಿಗೋ ನಗುವುದು ಕೇಳಿಸುತ್ತದೆ. ಕೈಯಲ್ಲಿದ್ದ ಜೇನಿನ ಜಾಡಿಯನ್ನು ಗೇಟಿನ ಪಕ್ಕ ಇಟ್ಟು, ಬಂದ ದಾರಿಯಲ್ಲೇ ಹಿಂತಿರುಗುತ್ತಾನೆ.

ಮೆತೋದಿ ಮೇಜಿನ ಮೇಲೆ ತಡವಿ ರಿಜಿಸ್ಟರು ಹುಡುಕಿದ. ಅದನ್ನು ನನ್ನ ಕಡೆಗೆ ತಳ್ಳಿ, "ಬರ್ಕೋ," ಅಂದ. "ಎರಡು ಸಾವಿರ. ಇಂಥ ಕೊನೆ ಬರೆಯೋಕೆ ಎದೆಗಾರಿಕೆ ಬೇಕು."

ಮದುವೆಯಾಗಿ ನಲವತ್ನಾಲ್ಕು ವರ್ಷಕ್ಕೆ ನಾನು ಕಟ್ಟಿದ ಕೊನೆಯೊಂದನ್ನು ಅವನು ಹೊಗಳಿದ. ಎಂದಿಗಿಂತ ದಪ್ಪ ಅಕ್ಷರದಲ್ಲಿ ಬರೆದುಕೊಂಡೆ. ಖುಷಿಯಿಂದ. ಅದನ್ನೂ ಮುಚ್ಚಿಡುವುದಿಲ್ಲ.

೫

ನಮ್ಮ ಕಡೆ ಸಂತೋಷ ಯಾರದೋ ಅವರೇ ಉಳಿದವರಿಗೆ ತಿನ್ನಿಸಬೇಕು. ಎರಡು ಸಾವಿರ ಮುಟ್ಟಿದ ಗುರುವಾರ ಮೆತೋದಿ ನನ್ನಿಂದ ಎರಡು ತಟ್ಟೆ ಪದರಗಳ ನಡುವೆ ಚೀಸ್ ಹಾಕಿ ಬೇಯಿಸುವ ಬಾನಿತ್ಸಾ ರೊಟ್ಟಿ ಮಾಡಿಸಿದ. ಹಿತ್ತಿಲ ಪ್ಲಮ್ ಹಣ್ಣಿನಿಂದ ಇಳಿಸಿದ ರಾಕಿಯಾ ಸಾರಾಯಿಯ ಸೀಸೆ ಹೊರಬಂತು. ಗುಂಡಿ ಉಜ್ಜಿಸಿ ಹಳೆಯ ರೈಲ್ವೆ ಕೋಟು ತೊಟ್ಟ. ಓದುಮನೆ ನೋಡಿಕೊಳ್ಳುವ ತ್ಸೋಂಕಾ ಮೇಜಿಗೆ ಬಟ್ಟೆ ಹಾಸಿ, "ಮಾಸ್ತರ್ರೇ, ಇವತ್ತು ಮೊದಲು ನೀವೇ," ಅಂದಳು.

ಐದು ಪ್ರತಿ ಬಂದಿದ್ದರಿಂದ ಅಲ್ಲಿದ್ದವರೆಲ್ಲ ಅದನ್ನು ಓದಿ ಮುಗಿಸಿದ್ದರು. ಅದು ನನಗೆ ಹೊಳೆದಿರಲಿಲ್ಲ. ಹೊಳೆಯಬೇಕಿತ್ತು.

ಮೆತೋದಿ ಎದ್ದು ನಿಂತು ಗೇಟಿನ ವಿಷಯ ಹೇಳಿದ. ಜಾಡಿಯ ವಿಷಯ ಹೇಳಿದ. ಎದೆಗಾರಿಕೆ ಎಂದ.

"ಯಾವ ಗೇಟು ಮಾಸ್ತರೇ?" ಅಂದ ಗೆನ್ಚೆವ್. "ಅಣ್ಣ ತಮ್ಮ ತಬ್ಕೊಂಡು ಹತ್ತು ಪುಟ ಅಳ್ತಾರಲ್ಲ. ನನ್ನ ಹೆಂಡ್ತಿ ಎರಡು ಕರ್ಚೀಫು ಒದ್ದೆ ಮಾಡಿದ್ಲು."

"ಹಾರಿಸ್ಕೊಂಡು ಓದೋರಿಗೆ ಹಾಗೆಲ್ಲ ಕಾಣ್ಸುತ್ತೆ," ಅಂದ ಮೆತೋದಿ. ಎಲ್ಲರೂ ನಕ್ಕರು.

"ಅಯ್ಯೋ, ಬೇಕಾದ್ರೆ ತ್ಸೋಂಕಾ ಓದ್ಲಿ."

ತ್ಸೋಂಕಾ ಕೊನೆಯ ಪುಟ ತೆಗೆದು ಓದಿದಳು. ತಾಯಿ, ಪಾದ್ರಿ, ಕಣ್ಣೀರು. ಓದುತ್ತಾ ಓದುತ್ತಾ ಅವಳ ದನಿ ಸಣ್ಣದಾಯಿತು.

"ಇಲ್ಲ, ಜಾಡಿ ಇತ್ತು," ಅಂದ ಮೆತೋದಿ. ನಾನು ಕೂತಿದ್ದೇನೆಂದು ಅವನು ಅಂದುಕೊಂಡ ಕಡೆಗೆ ಮುಖ ತಿರುಗಿಸಿದ. "ಜೇನಿನ ಜಾಡಿ ಇತ್ತು. ಅಲ್ವೇನೇ ರಾಯ್ನಾ?"

ಹನ್ನೆರಡು ಜನ ನನ್ನನ್ನು ನೋಡುತ್ತಿದ್ದರು. ಹೌದು, ನಾನು ಕಟ್ಟಿ ಹೇಳಿದೆ ಎನ್ನಲು ನಾಲಿಗೆ ಹೊರಳಿದರೆ ಸಾಕಿತ್ತು. ಕುರುಡನಿಗೆ ಸುಳ್ಳು ಓದುವ ಹೆಂಡತಿ ಎಂದು ಊರು ಆಡಿಕೊಳ್ಳುತ್ತಿತ್ತು, ಅಷ್ಟೇ. ನಾನು ಅಂದದ್ದು ಬೇರೆ.

"ಇತ್ತೀಚೆಗೆ ಅವನಿಗೆ ಆಯಾಸ ಜಾಸ್ತಿ. ಒಂದಕ್ಕೊಂದು ಬೆರೆಸ್ಕೊಳ್ತಾನೆ."

ತ್ಸೋಂಕಾ ಬಾನಿತ್ಸಾವನ್ನು ಸಣ್ಣ ಸಣ್ಣ ಚೂರು ಮಾಡಿ ಅವನ ಕೈಗೆ ಕೊಟ್ಟಳು. "ತಿನ್ನಿ ತಾತ, ಮೆಲ್ಲಗೆ," ಅಂದಳು, ಕಿವುಡರಿಗೆ ಹೇಳುವಷ್ಟು ಗಟ್ಟಿಯಾಗಿ. ಐದು ನಿಮಿಷದ ಹಿಂದೆ ಅವನು ಮಾಸ್ತರನಾಗಿದ್ದ.

೬

ಮನೆಗೆ ಬರುವ ದಾರಿಯಲ್ಲಿ ಅವನು ನನ್ನ ತೋಳನ್ನು ಎಂದಿಗಿಂತ ಬಿಗಿಯಾಗಿ ಹಿಡಿದಿದ್ದ. ಅವನ ಅಪ್ಪನೂ ರೈಲ್ವೆಯವನೇ. ಕೊನೆಯ ಎರಡು ವರ್ಷ ಮುದುಕ ಹಿತ್ತಿಲಲ್ಲಿ ನಿಂತು ಬಾರದ ರೈಲಿಗೆ ಹಸಿರು ಬಾವುಟ ತೋರಿಸುತ್ತಿದ್ದ. ಆ ಬಾವುಟವನ್ನು ಅವನ ಕೈಯಿಂದ ಬಿಡಿಸುತ್ತಿದ್ದವನು ಮೆತೋದಿ.

"ನಿಜ ಹೇಳು ರಾಯ್ನಾ. ಅಪ್ಪನ ದಾರೀನೇ ಹಿಡಿದ್ನಾ ನಾನು?"

"ಏನೇನೋ ಮಾತಾಡ್ಬೇಡ."

"ಹಂಗಾದ್ರೆ ಆ ಹತ್ತು ಪುಟ ಇನ್ನೊಂದ್ಸಲ ಓದು."

ಇಲ್ಲಿ ಕಥೆಗೆ ಮೂರು ದಾರಿಗಳಿವೆ.

ಅ) ನಾನು ಎಲ್ಲವನ್ನೂ ಒಪ್ಪಿಕೊಳ್ಳುತ್ತೇನೆ. ಅವನು ಹೊಟ್ಟೆ ಹಿಡಿದುಕೊಂಡು ನಗುತ್ತಾನೆ. ಇದನ್ನು ಅರ್ಧ ಪುಟ ಬರೆಯುವಷ್ಟರಲ್ಲಿ ಕಾಗದದ ಮೇಲಿನ ಮೆತೋದಿ ಅಡ್ಡ ಬಂದ.

"ನಾನ್ಯಾಕೆ ನಗ್ಲಿ? ನಿಂಗೆ ಹಗುರ ಆಗ್ಲಿ ಅಂತಾನಾ?"

"ಸರಿ, ಬಯ್ಯಿ ಹಾಗಾದ್ರೆ."

"ಬಯ್ಯಲ್ಲ. ರಿಜಿಸ್ಟರ್ ತೆಗೆದು ಮುಂದೆ ಇಡ್ತೀನಿ. ಯಾವ್ಯಾವ್ದು ಸುಳ್ಳು, ಒಂದೊಂದಾಗಿ ಹೇಳು ಅಂತೀನಿ. ಅದನ್ನ ಬರಿ, ನೋಡೋಣ."

ಬರೆಯಲಿಲ್ಲ. ಅರುವತ್ತೈದು ಪುಸ್ತಕ. ಅವನು ಒಂದೊಂದಕ್ಕೂ ಅಡ್ಡಗೀಟು ಹಾಕಿಸುತ್ತಾನೆ. ಆಮೇಲೆ ನನ್ನ ದನಿಯಲ್ಲಿ ಏನನ್ನೂ ಕೇಳುವುದಿಲ್ಲ, ಔಷಧಿ ಸೀಸೆಯ ಮೇಲಿನ ಹೆಸರನ್ನು ಕೂಡ.

ಆ) ಅವನಿಗೆ ಮೊದಲಿನಿಂದಲೂ ಗೊತ್ತಿತ್ತು. ಕುಂಟ ಗಿರಣಿಯವನ ಕಾಲದಿಂದಲೂ ಗೊತ್ತಿದ್ದು, ನನ್ನ ಕಥೆ ಕೇಳಲಿಕ್ಕೆಂದೇ ಸುಮ್ಮನಿದ್ದ. ನಿಮಗೆ ಇದೇ ಇಷ್ಟ ಎಂದು ಗೊತ್ತು. ನನಗೂ ಇಷ್ಟ. ಎರಡು ಸಲ ಬರೆದೆ, ಎರಡು ಸಲವೂ ಅತ್ತೆ. ಆದರೆ ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದವನು ಕೂಟದಲ್ಲಿ ಹಾಗೆ ನನ್ನನ್ನು ಹುಡುಕಿಕೊಂಡು ಮುಖ ತಿರುಗಿಸುತ್ತಿರಲಿಲ್ಲ.

ಇ) ನಡೆದದ್ದು. ನಾನು ಆ ಹತ್ತು ಪುಟವನ್ನು ಅಚ್ಚಾದಂತೆಯೇ ಓದಿದೆ. ಒಂದಕ್ಷರ ಬಿಡಲಿಲ್ಲ. ಸುಳ್ಳು ಹೇಳಬೇಕಾಗಿದ್ದ ಒಂದೇ ಒಂದು ದಿನ ನಿಯತ್ತಾಗಿ ಓದಿದೆ.

ಅವನು ಕೊನೆಯ ತನಕ ಕೇಳಿದ. "ಹೂಂ," ಅಂದ. "ಹೀಗೇ ಇದೆ. ಜಾಡಿ ನಾನೇ ತಂದಿಟ್ಟಿದ್ದು." ಆಮೇಲೆ ಹೇಳಿ ಬರೆಸಿದ: '೨೦೦೦. ಓದುಗನ ತಪ್ಪು. ಲೆಕ್ಕಕ್ಕಿಲ್ಲ. ಇಲ್ಲಿಗೆ ರಿಜಿಸ್ಟರು ಮುಚ್ಚಿದೆ.' ಸಹಿ ತಾನೇ ಹಾಕುತ್ತೇನೆಂದ. ಪೆನ್ನು ಕೊಟ್ಟೆ. ಸಹಿ ಗೀಟು ದಾಟಿ, ಪುಟ ದಾಟಿ, ಮೇಜಿನ ಬಟ್ಟೆಯ ಮೇಲೆ ಮುಗಿಯಿತು.

೭

ಇವತ್ತು ಭಾನುವಾರ. ನಾಳೆ ಬೆಳಿಗ್ಗೆ ಏಳರ ಬಸ್ಸಿಗೆ ಅವನನ್ನು ಜಿಲ್ಲಾ ಕೇಂದ್ರದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು. ತ್ಸೋಂಕಾಳೇ ಫೋನು ಮಾಡಿ ಹೊತ್ತು ಗೊತ್ತುಮಾಡಿದ್ದಾಳೆ, ಒಳ್ಳೆಯ ಹೆಂಗಸು. ಅಲ್ಲಿ ನೆನಪು ಪರೀಕ್ಷಿಸಲು ತಿಂಗಳುಗಳ ಹೆಸರನ್ನು ಹಿಂದಿನಿಂದ ಹೇಳಿಸುತ್ತಾರಂತೆ. ಊಟ ಮುಗಿದಾಗಿನಿಂದ ಮೆತೋದಿ ಪಕ್ಕದ ಕೋಣೆಯಲ್ಲಿ ಅಭ್ಯಾಸ ಮಾಡುತ್ತಿದ್ದಾನೆ. ಡಿಸೆಂಬರ್, ನವೆಂಬರ್, ಅಕ್ಟೋಬರ್. ಒಂದು ಸಲವೂ ತಪ್ಪಿಲ್ಲ. ತಪ್ಪದಿದ್ದರೂ ಮತ್ತೆ ಮೊದಲಿನಿಂದ ಶುರುಮಾಡುತ್ತಾನೆ.

(ನನಗೆ ಹೆದರಿಕೆಯಾಗುತ್ತಿದೆ. ಇದಕ್ಕಿಂತ ಚೆನ್ನಾದ ವಾಕ್ಯ ಹೊಳೆಯುತ್ತಿಲ್ಲ.)

ಈಗ ಅವನ ದನಿ ನಿಂತಿತು. ಗೋಡೆ ಹಿಡಿದುಕೊಂಡು ಬಂದು ಎದುರಿನ ಕುರ್ಚಿಯಲ್ಲಿ ಕೂತಿದ್ದಾನೆ. ಅವನು ಕೂತ ಮೇಲೂ ನಾನು ಬರೆಯುತ್ತಲೇ ಇದ್ದೇನೆ.

"ಗುರುವಾರದಿಂದ ಗೀಚ್ತಾ ಇದೀಯಲ್ಲ. ಏನದು?"

"ಕಥೆ."

"ಹೊಸದಾ?"

"ಹೂಂ."

"ಓದು. ಲೆಕ್ಕಕ್ಕೆ ಹಾಕೋದೇನೂ ಬೇಡ, ಸುಮ್ನೆ ಕೇಳ್ತೀನಿ. ನಾಳೆ ತನಕ ಹೊತ್ತು ಹೋಗ್ಬೇಕಲ್ಲ."

ಹಾಳೆಗಳನ್ನು ಜೋಡಿಸಿಕೊಂಡು ಮೊದಲ ಪುಟ ಓದಿದೆ. ಬರೆದಂತೆಯೇ ಓದಿದೆ. ಮಂಜನ್ನು ಹರಿದು ಹಾಕಿದ್ದು ಕೇಳಿ ಅವನು ನಕ್ಕ, ಗುರುವಾರದ ನಂತರ ಮೊದಲ ಸಲ. ಪುಟ ಮುಗಿಯಿತು. ಓದುವುದನ್ನು ನಿಲ್ಲಿಸಿ ಇಷ್ಟನ್ನೂ ಬರೆಯುತ್ತಿದ್ದೇನೆ. ಅವನು ಕಾಯುತ್ತಿದ್ದಾನೆ.

ಇದರ ಕೊನೆ ಏನೆಂದು ನನ್ನನ್ನು ಕೇಳಬೇಡಿ. ನಿಮಗೂ ಇದನ್ನು ಓದಿ ಹೇಳುತ್ತಿರುವವಳು ನಾನೇ. ನಾನು ಏನು ಹೇಳಿದರೂ ನೀವು ಯಾವ ಪುಟದೊಂದಿಗೆ ಹೋಲಿಸಿ ನೋಡುತ್ತೀರಿ?

"ಯಾಕೆ ನಿಲ್ಲಿಸ್ದೆ? ಆಮೇಲೆ?" ಎನ್ನುತ್ತಿದ್ದಾನೆ.

ಎರಡನೆಯ ಪುಟ ನನ್ನ ಕೈಯಲ್ಲಿದೆ. ಅದರ ಮೊದಲ ಶಬ್ದ ಅವನ ಹೆಸರು.