ದೀನವ್ವನ ಹೆಸರಿನ ಕೌದಿ

ನಾನು ಒಂದು ಕೌದಿ. ಬೆಟಗೇರಿಯ ನೇಕಾರರ ಓಣಿಯಲ್ಲಿ, ಲೂದಿಯವ್ವನ ಪಡಸಾಲೆಯಲ್ಲಿ ಹುಟ್ಟಿದೆ. ಅವಳ ಸವೆದ ಇಳಕಲ್ಲ ಸೀರೆ, ಗಂಡ ಯೋನಪ್ಪನ ಧೋತರ, ಮಗಳು ಪ್ರಿಸ್ಕಿಲ್ಲಾಳ ಸಾಲೆಯ ನೀಲಿ ಲಂಗ, ಎಲ್ಲ ಸೇರಿ ನಾನು. ಮಗ್ಗದ ಕೆಲಸ, ರೊಟ್ಟಿಯ ಕೆಲಸ ಮುಗಿಸಿ ಬಂದು ಲೂದಿಯವ್ವ ನನ್ನ ಮೇಲೆ ಕಾಲು ಚಾಚಿ ಕೂರುತ್ತಿದ್ದಳು. ಮೊದಲ ಹೆರಿಗೆಗೆ ಬರುವ ಮಗಳು ಬೆಚ್ಚಗೆ ಮಲಗಬೇಕು, ಅದೊಂದೇ ಆಸೆ. ಹೊಲಿಯುತ್ತ ಚರ್ಚಿನ ಹಾಡು ಗುನುಗುವಳು. ಎರಡು ಮನೆ ಆಚೆಯ ದೀನವ್ವನ ದನಿ ಕೇಳಿದರೆ ಮಾತ್ರ ಹಾಡು ನಿಂತು ಸೂಜಿ ಜೋರಾಗಿ ಇಳಿಯುತ್ತಿತ್ತು.

ಕಾರಣವಿತ್ತು. ಹಿಂದೆ ಪ್ರಿಸ್ಕಿಲ್ಲಾಳನ್ನು ನೋಡಲು ಹುಬ್ಬಳ್ಳಿಯಿಂದ ಗಂಡಿನವರು ಬಂದಾಗ ದೀನವ್ವ ಓಣಿಯ ತಿರುವಿನಲ್ಲೇ ಅವರನ್ನು ನಿಲ್ಲಿಸಿ, "ಹುಡುಗಿಗೆ ಮೂರ್ಛೆ ಬರತೈತಂತ್ರೀ" ಎಂದಿದ್ದಳು. ಶುದ್ಧ ಸುಳ್ಳು. ಬಂದವರು ಚಹಾ ಸಹ ಕುಡಿಯದೆ ಎದ್ದುಹೋದರು. ಮುಂದೆ ಅಣ್ಣಿಗೇರಿಯಲ್ಲಿ ಒಳ್ಳೆಯ ಮನೆಯೇ ಸಿಕ್ಕಿತು. ಆದರೆ ಅಲ್ಲಿಯವರೆಗೆ ಮಗಳು ತಲೆ ತಗ್ಗಿಸಿ ಓಡಾಡಿದ್ದನ್ನು ತಾಯಿ ಮರೆತಿರಲಿಲ್ಲ.

ನಮ್ಮ ಓಣಿಯಲ್ಲಿ ಕೌದಿಯನ್ನು ಹಸಿವಿನಲ್ಲಿ ಬಿಡುವುದಿಲ್ಲ. ಕೊನೆಯ ಮೂಲೆ ಹೊಲಿಯುವಾಗ ಒಳಗೊಂದು ರೊಟ್ಟಿಯ ಚೂರಿಟ್ಟು, ಹೊದೆಯುವವರ ಹೆಸರು ಹೇಳಿ ಆ ಮೂಲೆಯ ಬಾಯಿ ಹೊಲಿದು ಮುಚ್ಚುತ್ತಾರೆ. ಹಾಗೆ ಹೆಸರಿಟ್ಟ ಕೌದಿ ಬೇರೆಯವರಿಗೆ ಹೋಗುವಂತಿಲ್ಲ. ನನಗೂ ಚೂರು ಉಣಿಸಿ ಲೂದಿಯವ್ವ, "ನನ್ನ ಪ್ರಿಸ್ಕಿಗೆ" ಎಂದಳು.

ಆ ವಾರವೇ ಥಂಡಿ ಬಿತ್ತು. ಯೋನಪ್ಪ ಹೊರಗಿನಿಂದ ಬಂದವನು ಬಾಗಿಲಲ್ಲೇ ನಿಂತ.

"ದೀನವ್ವಗ ಟೈಫಾಯ್ಡ್ ಅಂತ. ಥರಥರ ನಡಗಾಕತ್ತಾಳ. ಹೊತ್ಕೊಳ್ಳಾಕ ಗೋಣಿಚೀಲ ಒಂದೈತಿ, ಅಷ್ಟ."

"ನನಗ್ಯಾಕ ಹೇಳ್ತೀರಿ?"

"ಮತ್ಯಾರಿಗೆ ಹೇಳ್ಲಿ? ಆಕಿಗೆ ಈ ಊರಾಗ ಹಿಂದಿಲ್ಲ, ಮುಂದಿಲ್ಲ."

ಮನೆಯಲ್ಲಿದ್ದ ಹಳೆಯ ಕೌದಿಯನ್ನು ಲೂದಿಯವ್ವ ಎತ್ತಿ ಬೆಳಕಿಗೆ ಹಿಡಿದಳು. ತೂತುಗಳಲ್ಲಿ ಅಂಗಳ ಕಂಡಿತು. ಅದನ್ನು ಕೆಳಗಿಟ್ಟು ನನ್ನನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು. ಆಮೇಲೆ ಗೋಡೆಗೆ ಒರಗಿ ದೇವರ ಜೊತೆ ಜಗಳಕ್ಕೆ ಕೂತಳು.

"ನೆರಿಯವರನ್ನ ಪ್ರೀತಿಸ್ರಿ ಅಂತ ಹೇಳಿ ನೀ ಆರಾಮ ಹೋದಿ, ಸ್ವಾಮಿ. ನಿನ್ನ ಮನಿ ಬಾಜೂಕ ದೀನವ್ವ ಇದ್ದಿದ್ದಿಲ್ಲ."

ಜಗಳ ಮುಗಿಸಿ ಅವಳು ನನ್ನ ಮೂಲೆಯ ಹೊಲಿಗೆ ಬಿಚ್ಚಿದಳು. ಮಗಳ ಹೆಸರಿನ ಚೂರನ್ನು ತೆಗೆದು ತಾನೇ ಬಾಯಿಗೆ ಹಾಕಿಕೊಂಡಳು. ಹೊಸ ಚೂರನ್ನು ಒಳಗಿಟ್ಟಳು. ಹೆಸರು ಮಾತ್ರ ನಾಲಿಗೆಗೆ ಬರಲೊಲ್ಲದು. ಬಂದಾಗ ಅನ್ನದೊಳಗಿನ ಹರಳನ್ನು ಉಗುಳಿದಂತೆ ಬಂತು: "ದೀನವ್ವಗ." ಅದು ತನಗೇ ಸರಿ ಕಾಣಲಿಲ್ಲವೇನೋ, ಕಣ್ಣು ಮುಚ್ಚಿ ಇನ್ನೊಮ್ಮೆ ಮೆಲ್ಲಗೆ ಹೇಳಿ ದಾರ ಎಳೆದಳು.

ನಾನು ಮೈಮೇಲೆ ಬಿದ್ದಾಗ ದೀನವ್ವ ಕಣ್ಣು ತೆರೆದಳು. "ನಾ ಸಾಯೂದು ನೋಡಾಕ ಬಂದೀಯೇನ, ಲೂದಿಯಾ?"

"ಅಷ್ಟು ಪುರಸತ್ತಿಲ್ಲ ನನಗ. ಗಂಜಿ ಕುಡಿ."

ಅಂದಿನಿಂದ ದಿನವೂ ಗಂಜಿ ಬಂತು. ಬೈಗುಳವೂ ಬಂತು. ಜ್ವರ ಇಳಿಯುವ ಹೊತ್ತಿಗೆ ಪ್ರಿಸ್ಕಿಲ್ಲಾ ತವರಿಗೆ ಬಂದಳು. ಆ ದಿನ ಗಂಜಿ ತಂದ ಲೂದಿಯವ್ವ ದೀನವ್ವನ ಮಗ್ಗುಲಲ್ಲಿ ಕೂತು ನನ್ನ ಅಂಚು ಹಿಡಿದು ಅತ್ತಳು. "'ನನ್ನ ಕೌದಿ ಆಕೀಗೇನವ್ವಾ' ಅಂತ ಪ್ರಿಸ್ಕಿ ಕೇಳಿದ್ಲು. ಗೋಡಿ ಕಡೆ ಹೊಳ್ಳಿ ಮಲಗ್ಯಾಳ. ಏನ್ ಹೇಳ್ಲಿ ಆಕಿಗೆ?" ದೀನವ್ವ ನಿದ್ದೆಯಲ್ಲಿದ್ದಾಳೆಂದು ಅವಳು ತಿಳಿದಿದ್ದಳು. ದೀನವ್ವನಿಗೆ ಎಚ್ಚರವಿತ್ತೆಂದು ಅವಳ ಉಸಿರಿನ ಮೇಲೆ ನನಗೆ ಗೊತ್ತಾಯಿತು.

ಮರುದಿನ ದೀನವ್ವ ಟ್ರಂಕಿನಿಂದ ತನ್ನ ಮದುವೆಯ ಸೀರೆ ತೆಗೆದಳು. ನನ್ನನ್ನು ಹೊದ್ದು, ಗೋಡೆ ಹಿಡಿಯುತ್ತ ಎರಡು ಮನೆ ದಾಟಿ ಪ್ರಿಸ್ಕಿಲ್ಲಾಳ ಎದುರು ನಿಂತಳು.

"ಆ ವರ ನಮ್ಮಕ್ಕನ ಮಗಳಿಗೆ ಸಿಗಲಿ ಅಂತ ಸುಳ್ಳು ಹೇಳಿದ್ದೆ. ತಪ್ಪಾತವ್ವ. ಇದನ್ನ ಹರಿದು ಕೂಸಿಗೆ ಕೌದಿ ಹೊಲಿರಿ."

ಪ್ರಿಸ್ಕಿಲ್ಲಾ ಸೀರೆಯನ್ನು ನೋಡಿದಳು. ನನ್ನ ಮೈಯಲ್ಲಿದ್ದ ತನ್ನ ನೀಲಿ ಲಂಗವನ್ನೂ ನೋಡಿದಳು. ಒಂದು ಮಣೆ ಸರಿಸಿದಳು.

"ಕುಂದ್ರು, ಚಿಗವ್ವ. ನಿಂತ್ರ ಬೀಳ್ತಿ."

ಲೂದಿಯವ್ವ, ದೀನವ್ವ ಜೀವದ ಗೆಳತಿಯರಾದರೆಂದು ನಾನು ಹೇಳಲಾರೆ. ನನ್ನನ್ನು ಅಂಗಳದ ಬಿಸಿಲಿಗೆ ಹಾಸಿ, ಮೇಲೆ ಕೂತು ಅವರೆಕಾಯಿ ಬಿಡಿಸುತ್ತ ವರ್ಷಗಟ್ಟಲೆ ಜಗಳಾಡಿದರು. ಆದರೆ ಒಬ್ಬಳ ಒಲೆ ಉರಿಯದ ದಿನ ಇನ್ನೊಬ್ಬಳು ತಾನೊಬ್ಬಳೇ ಉಂಡದ್ದನ್ನು ನಾನು ನೋಡಲಿಲ್ಲ. ದೀನವ್ವನ ಕೊನೆಗಾಲದಲ್ಲಿ, ಯಾರನ್ನು ಕರೆಯಲಿ ಎಂದು ಪಾಸ್ಟರಮ್ಮ ಕೇಳಿದಾಗ, "ಆ ಜಗಳಗಂಟಿನ್ನ ಕರೀರಿ" ಎಂದಳು. ಲೂದಿಯವ್ವ ಹಿಟ್ಟಿನ ಕೈಯಲ್ಲೇ ಓಡಿಬಂದಳು.

ದೀನವ್ವನನ್ನು ಮಣ್ಣು ಮಾಡಿ ಬಂದ ಮೇಲೆ ಸತ್ತವರ ಹಾಸಿಗೆಯೆಂದು ಓಣಿಯವರು ನನ್ನನ್ನು ಸುಡಲು ತೆಗೆದರು. ಲೂದಿಯವ್ವ ಕಸಿದುಕೊಂಡು ಮನೆಗೆ ತಂದಳು. ಈಗ ನನ್ನ ಬಣ್ಣವೆಲ್ಲ ಮಾಸಿ ಒಂದೇ ಆಗಿದೆ. ಯಾವುದು ಧೋತರ, ಯಾವುದು ಸೀರೆ ಎಂದು ನನಗೇ ತಿಳಿಯದು. ಲೂದಿಯವ್ವನಿಗೂ ಕಣ್ಣು ಮಂದ. ಹೋದ ಚಳಿಗಾಲದಲ್ಲಿ ಪ್ರಿಸ್ಕಿಲ್ಲಾ ಹೊಸ ರಗ್ಗು ತಂದು ಹೊದಿಸಿ, "ಇನ್ನರ ಆ ಚಿಂದಿ ಬಿಡವ್ವಾ" ಎಂದಳು. ಲೂದಿಯವ್ವ ರಗ್ಗನ್ನು ಸರಿಸಿ, ತಡಕಾಡಿ ನನ್ನನ್ನು ಗಲ್ಲದವರೆಗೆ ಎಳೆದುಕೊಂಡಳು.

"ನಿನ್ನ ರಗ್ಗು ಬೆಚ್ಚಗ ಐತಿ, ಖರೆ. ಆದ್ರ ಅದರೊಳಗ ಜಗಳಾಡಾಕ ಯಾರದಾರ?"