ಪಕ್ಷ ಕಳೆದ ಮೇಲೆ

ತರೀಕೆರೆ ಬಸ್ ಸ್ಟ್ಯಾಂಡಿನ ಹಿಂದಿನ ಸಾಲಿನಲ್ಲಿ ಚಂದ್ರಕುಮಾರನದು ಜೆರಾಕ್ಸ್ ಅಂಗಡಿ. ಜೆರಾಕ್ಸ್ ಹೆಸರಿಗಷ್ಟೆ, ಹತ್ತೊಂಬತ್ತು ವರ್ಷದಿಂದ ಅವನ ಹೊಟ್ಟೆ ಹೊರೆದದ್ದು ಇನ್ಶೂರೆನ್ಸ್ ಏಜೆಂಟಿಕೆ. ಸುಳ್ಳು ಹೇಳಿ ಪಾಲಿಸಿ ಮಾರುವವನಲ್ಲ ಎಂಬ ಹೆಸರಿತ್ತು. ಮದುವೆಯಾಗದ ಹುಡುಗರು ಬಂದರೆ, "ನೀನು ಸತ್ರೆ ಯಾರ ಮನೆ ಒಲೆ ಆರುತ್ತೆ ಹೇಳು. ಯಾರದ್ದೂ ಇಲ್ವಾ? ಹಂಗಾದ್ರೆ ದುಡ್ಡು ಬ್ಯಾಂಕಲ್ಲಿಡು, ಹೋಗು" ಎಂದು ವಾಪಸು ಕಳಿಸುತ್ತಿದ್ದ.

ಸೆಪ್ಟೆಂಬರಿನ ಒಂದು ಸಂಜೆ ಕೋಮಲಾ ಬಂದು ಪಾಲಿಸಿ ಬೇಕು ಎಂದಾಗಲೂ ಅದನ್ನೇ ಕೇಳಿದ. ಅಮೃತಾಪುರದ ಪಕ್ಕದ ಅವನದೇ ಹಳ್ಳಿಯ ಹುಡುಗಿ. ಇಪ್ಪತ್ತೇಳು ವರ್ಷ. ತರೀಕೆರೆಯ ಲ್ಯಾಬೊಂದರಲ್ಲಿ ರಕ್ತಪರೀಕ್ಷೆಯ ಕೆಲಸ.

"ನಿಂಗ್ಯಾಕೆ ಕಣಮ್ಮ ಇದು? ಗಂಡನಾ, ಮಕ್ಕಳಾ?"

"ಮಗು ಇಲ್ಲ ಅಂತ ಯಾರು ಹೇಳಿದ್ದು ಚಂದ್ರಣ್ಣ? ಮೂವತ್ನಾಲ್ಕು ವರ್ಷದ್ದು ಒಂದೈತೆ ಮನೇಲಿ. ಮುದ್ದೆ ಮುರಿದು ಕೊಟ್ರೆ ನುಂಗುತ್ತೆ, ಇಲ್ದಿದ್ರೆ ತಟ್ಟೆ ನೋಡ್ಕಂಡು ಕೂತಿರುತ್ತೆ."

ಅವಳು ಹೇಳಿದ್ದು ಅಣ್ಣ ಹೊನ್ನೇಶನ ವಿಷಯ. ಮೈ ಬೆಳೆದರೂ ಬುದ್ಧಿ ಐದು ವರ್ಷಕ್ಕೇ ನಿಂತವನು. ಅಪ್ಪ ಅಮ್ಮ ತೀರಿಕೊಂಡು ಬಹಳ ಕಾಲವಾಗಿತ್ತು. ಇಬ್ಬರನ್ನೂ ಸಾಕಿದ ಸೋದರತ್ತೆ ಹುಲಿಯಮ್ಮನಿಗೆ ಈಗ ಮಂಡಿ ನೋವು, ಕಣ್ಣಿಗೆ ಪೊರೆ. ಮನೆ ನಡೆಯುತ್ತಿದ್ದುದು ಕೋಮಲಾಳ ಸಂಬಳದಲ್ಲಿ.

ಚಂದ್ರಕುಮಾರನಿಗೆ ಎರಡು ಮಾತು ಬೇಕಾಗಲಿಲ್ಲ. ಇಪ್ಪತ್ತು ಲಕ್ಷಕ್ಕೆ ಅರ್ಜಿ ಬರೆದ. ನಾಮಿನಿ ಹುಲಿಯಮ್ಮ.

"ರಕ್ತ ಕೊಡ್ಬೇಕಾ? ನಾನೇ ಚುಚ್ಕಂಡು ನಾನೇ ಟೆಸ್ಟ್ ಮಾಡ್ತೀನಿ, ನಿಮ್ಮ ಕಂಪ್ನಿಗೆ ಖರ್ಚೇ ಇಲ್ಲ" ಎಂದು ಕೋಮಲಾ ನಕ್ಕಳು.

"ಇಷ್ಟಕ್ಕೆಲ್ಲ ಬೇಡ. ಕಳಿಸಿದ ನಾಲ್ಕು ದಿನಕ್ಕೆ ಪಾಲಿಸಿ ಬರುತ್ತೆ. ಆದ್ರೆ ಈಗ್ಲೇ ಕಳ್ಸೋದು ಬೇಡ ಕಣಮ್ಮ, ಪಕ್ಷ ಕಳೀಲಿ."

ಅಂದು ಪಿತೃಪಕ್ಷದ ಮೂರನೇ ದಿನ. ಮಹಾಲಯ ಅಮಾವಾಸ್ಯೆವರೆಗಿನ ಆ ಹದಿನೈದು ದಿನ ಸತ್ತ ಹಿರಿಯರಿಗೆ ಸೇರಿದ್ದು, ಹೊಸದೇನನ್ನೂ ಶುರು ಮಾಡಬಾರದು ಎಂದು ಜನ ನಂಬುತ್ತಾರೆ. ಚಂದ್ರಕುಮಾರನ ಮನೆಯವರು ಅವನಪ್ಪನ ಕಾಲಕ್ಕೇ ಬೌದ್ಧರಾದವರು. ಅವರ ಮನೆಯಲ್ಲಿ ಹಿರಿಯರಿಗೆ ಎಡೆ ಇಡುವ ರೂಢಿಯಿಲ್ಲ. ಆದರೆ ಒಮ್ಮೆ ಬೀರೂರಿನ ಈರಣ್ಣನಿಗೆ ಪಕ್ಷದಲ್ಲೇ ಪಾಲಿಸಿ ಮಾಡಿಸಿದ್ದಕ್ಕೆ ಅವನ ಹೆಂಡತಿ ಅಂಗಡಿಗೇ ಬಂದು, "ನನ್ನ ತಾಳಿ ಮೇಲೆ ಕಣ್ಣು ಬಿತ್ತೇನಯ್ಯಾ?" ಎಂದು ಕಾಗದ ಮುಖದ ಮೇಲೆ ಎಸೆದು ಹೋಗಿದ್ದಳು. ಅಂದಿನಿಂದ ಆ ಹದಿನೈದು ದಿನ ಅವನು ಹೊಸ ಅರ್ಜಿ ಕಳಿಸುತ್ತಿರಲಿಲ್ಲ. ನಂಬಿಕೆಯಲ್ಲ, ಕಸುಬಿನ ರೂಢಿ.

"ನಂಗೆ ಅದೆಲ್ಲ ಇಲ್ಲ, ಇವತ್ತೇ ಕಳ್ಸಿ" ಎಂದಳು ಕೋಮಲಾ.

"ನಂಗೂ ಇಲ್ಲ ಕಣೇ. ನಿಮ್ಮತ್ತೆಗೆ ಗೊತ್ತಾದ್ರೆ ನನ್ನ ಜನ್ಮ ಜಾಲಾಡ್ತಾಳೆ. ಹನ್ನೆರಡು ದಿನ ತಾನೆ?"

ಅವಳು ಸಹಿ ಹಾಕಿ, ಮೊದಲ ಕಂತಿನ ದುಡ್ಡು ಕೊಟ್ಟು ಬಸ್ಸಿಗೆ ಓಡಿದಳು. ಅರ್ಜಿಯನ್ನು ಅವನು ಡ್ರಾಯರಿನಲ್ಲಿಟ್ಟ.

ಪಕ್ಷದ ಹನ್ನೊಂದನೇ ದಿನ ಕೋಮಲಾಳಿಗೆ ಜ್ವರ ಬಂತು. ಊರಲ್ಲಿ ಯಾರಿಗೆ ಇರಲಿಲ್ಲ ಜ್ವರ! ಎರಡು ದಿನ ಮಾತ್ರೆ ನುಂಗಿಕೊಂಡೇ ಕೆಲಸಕ್ಕೆ ಹೋದಳು. ಮೂರನೇ ದಿನ ಲ್ಯಾಬಿನ ಜೊತೆಗಾತಿ ಸುಮನಾ ಅವಳ ರಕ್ತ ನೋಡಿ, ಡೆಂಗಿ ಎಂದು ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದಳು. ಅಲ್ಲಿಂದಲೇ ಚಂದ್ರಕುಮಾರನಿಗೆ ಫೋನು ಮಾಡಿದಳು.

"ಅಣ್ಣಾ, ಪ್ಲೇಟ್‌ಲೆಟ್ ಇಳೀತಾ ಐತೆ. ಅವಳು ಒಂದೇ ಕೇಳ್ತಾಳೆ, ಚಂದ್ರಣ್ಣ ಕಳಿಸಿದ್ರಾ ಅಂತ."

"ಕಳಿಸ್ತೀನಿ ಅನ್ನಮ್ಮ" ಎಂದ. ಷಟರ್ ಅರ್ಧ ಎಳೆದು, ಮೊಬೈಲಿನಲ್ಲಿ ಅವಳ ಅರ್ಜಿಯ ವಿವರ ತುಂಬುತ್ತ ಹೋದ. ಹೆಸರು, ವಯಸ್ಸು, ಉದ್ಯೋಗ. ಈಗ ಯಾವುದಾದರೂ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿದ್ದೀರಾ ಎಂಬಲ್ಲಿಗೆ ಬಂತು. ಹೌದು ಎಂದರೆ ಪಾಲಿಸಿ ಬಾರದು. ಇಲ್ಲ ಎಂದು ಒತ್ತಿದರೆ ಆಸ್ಪತ್ರೆಯ ಚೀಟಿಯೇ ನಾಳೆ ಸಾಕ್ಷಿ ಹೇಳುತ್ತದೆ. ಬೆರಳು ಮುಂದೆ ಹೋಗಲಿಲ್ಲ. ಅವಳು ಎದ್ದು ಬಂದಮೇಲೆ ನೇರವಾಗಿ ಮಾಡಿಸಿದರಾಯಿತು ಎಂದು ಮೊಬೈಲು ಆಫ್ ಮಾಡಿದ.

ಅಮಾವಾಸ್ಯೆ ಕಳೆದ ಮಾರನೇ ದಿನ ಕೋಮಲಾ ತೀರಿಕೊಂಡಳು.

ತಿಥಿಯಾದ ಎರಡು ದಿನಕ್ಕೆ ಅವನು ಕಂತಿನ ದುಡ್ಡು ಕವರಿನಲ್ಲಿ ಹಾಕಿಕೊಂಡು ಊರಿಗೆ ಹೋದ. ಹುಲಿಯಮ್ಮ ಜಗಲಿಯಲ್ಲಿ ಹೊನ್ನೇಶನ ಬಾಯಿಗೆ ಮುದ್ದೆ ಇಡುತ್ತಿದ್ದಳು. ಕಣ್ಣು ಸರಿಯಾಗಿ ಕಾಣದೆ ಅರ್ಧ ಅವನ ಗಡ್ಡಕ್ಕೆ ಮೆತ್ತಿತ್ತು.

"ಬಾರಪ್ಪ ಚಂದ್ರ. ಆ ಕಾಗದ ತಂದ್ಯಾ? ನಾನಿಲ್ದಿದ್ರೂ ಅಣ್ಣ ಉಪವಾಸ ಇರಲ್ಲ ಅತ್ತೆ, ಚಂದ್ರಣ್ಣನ ಹತ್ರ ಮಾಡ್ಸಿದ್ದೀನಿ ಅಂದಿದ್ಲು."

ಚಂದ್ರಕುಮಾರ ಜಗಲಿಯ ತುದಿಯಲ್ಲಿ ಕುಳಿತ. "ಕಳಿಸ್ಲಿಲ್ಲ ದೊಡ್ಡಮ್ಮ. ಪಕ್ಷ ಕಳೀಲಿ ಅಂತ ಇಟ್ಕಂಡೆ. ನೀನು ಬೇಜಾರು ಮಾಡ್ಕತೀಯ ಅಂತ."

ಹುಲಿಯಮ್ಮನ ಕೈ ತಟ್ಟೆಯಲ್ಲೇ ನಿಂತಿತು.

"ನಾನು? ಅವಳು ಬೆಳಿಗ್ಗೆ ನನ್ನ ಕೇಳ್ಕಂಡೇ ಬಂದಿದ್ಲಲ್ಲೋ! ಪಕ್ಷದಾಗೆ ಹಿರೀಕರು ಮನೆ ಬಾಗ್ಲಲ್ಲೇ ಇರ್ತಾರೆ, ಅವರ ಕಣ್ಣೆದುರಿಗೇ ಆಗ್ಲಿ, ಒಳ್ಳೇದು ಅಂತ ನಾನೇ ಕಳಿಸಿದ್ದೆ. ಒಂದು ಮಾತು ನನ್ನ ಕೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತೋ?"

ಚಂದ್ರಕುಮಾರ ಕವರನ್ನು ಮುಂದೆ ಚಾಚಿದ. ಅವಳು ಮುಟ್ಟಿ ನೋಡಿ, ಏನೆಂದು ಕೇಳದೆ ಪಕ್ಕಕ್ಕಿಟ್ಟಳು. ಬಯ್ಯಲಿಲ್ಲ. ಬಯ್ದಿದ್ದರೆ ಎದ್ದು ಹೋಗಬಹುದಿತ್ತು.

ಸ್ವಲ್ಪ ಹೊತ್ತಿನ ಮೇಲೆ ಅವಳು ಗೋಡೆ ಹಿಡಿದುಕೊಂಡು ಒಳಗೆ ಹೋಗಿ ಒಂದು ಕಾಗದ ತಂದಳು. ಹೊನ್ನೇಶನಂಥವರನ್ನು ಇಟ್ಟುಕೊಳ್ಳುವ ಚಿತ್ರದುರ್ಗದ ಕಡೆಯ ಆಶ್ರಮವೊಂದರ ಅರ್ಜಿ. ಪಂಚಾಯಿತಿಯ ತಿಪ್ಪೇಶ ತಂದುಕೊಟ್ಟಿದ್ದನಂತೆ.

"ನಂಗಿನ್ನೆಷ್ಟು ದಿನ ಆಗುತ್ತೆ? ಪಾಲಿಸಿ ದುಡ್ಡು ಬಂದ್ರೆ ಒಂದು ಹೆಂಗಸನ್ನ ಇಟ್ಕಂಡು ಮನೇಲೇ ನೋಡ್ಕಳಾಣ ಅಂತಿದ್ದೆ. ಬರಿ ಇದ್ನ."

ಅವನು ಬರೆದ. ಹೊನ್ನೇಶ ಪೆನ್ನಿನ ತುದಿಯನ್ನೇ ನೋಡುತ್ತ ಕುಳಿತಿದ್ದ. ಕೆಳಗೆ ಒಂದು ಕಡೆ, ಏನಾದರೂ ಆದರೆ ತಿಳಿಸಬೇಕಾದವರು ಯಾರು ಎಂದಿತ್ತು. ಅವನು ಓದಿ ಹೇಳಿ ಕಾದ. ಹುಲಿಯಮ್ಮ ಕಾಗದದ ಮೇಲೆ ಕೈಯಾಡಿಸಿದಳು.

"ನಿನ್ನ ಹೆಸರೇ ಹಾಕು" ಎಂದಳು ಆಮೇಲೆ. ಅವನು ಬರೆದ.

"ಫೋನ್ ನಂಬರೂ ಹಾಕಿದ್ಯಾ?"

"ಹಾಕಿದೆ ದೊಡ್ಡಮ್ಮ."

"ಅದನ್ನ ಬದಲಾಯಿಸ್ಬೇಡ" ಎಂದು ಹುಲಿಯಮ್ಮ ಹೊನ್ನೇಶನ ಗಡ್ಡ ಒರೆಸತೊಡಗಿದಳು.